ಬಿಸಿಯಾದಾಗ ನಿಲ್ಲುವ ಪದ್ಮಿನಿ: ಸೋಲೆಕ್ಸ್ ಕಾರ್ಬ್ಯುರೇಟರಿನ ದೋಷ ಹುಡುಕುವ ಕ್ರಮ

ಕಲಬುರಗಿಯ ರಸ್ತೆಯಲ್ಲಿ ಹಳೆಯ ಪೆಟ್ರೋಲ್ ಕಾರೊಂದು ಬಂದ್ ಬಿದ್ದರೆ, ನೋಡಲು ನಿಂತವರಲ್ಲಿ ಒಬ್ಬರಾದರೂ ‘ಕಾರ್ಬ್ಯುರೇಟರ್ ಚೋಕಪ್ ಆಗಿದೆ’ ಎಂದು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಟ್ಟಿಕೊಂಡಿದೆ ಎಂದು, ತೀರ್ಪು ಕೊಡದೆ ಹೋಗುವುದಿಲ್ಲ. ಆ ಮಾತು ನಂಬಿದವರು ಮೊದಲು ಕೈಗೆತ್ತಿಕೊಳ್ಳುವುದು ಸ್ಕ್ರೂ ಡ್ರೈವರ್. ಹೊರಗೆ ಕಾಣುವ ಎರಡು ಸ್ಕ್ರೂಗಳನ್ನು (ಸ್ಲೋ ಸ್ಕ್ರೂ ಮತ್ತು ಮಿಕ್ಸ್ಚರ್ ಸ್ಕ್ರೂ) ಅತ್ತ ಇತ್ತ ತಿರುಗಿಸಿ, ಎಂಜಿನ್ ಹೇಗೋ ಬಂದ್ ಆಗದೆ ಓಡಿದರೆ ‘ಟ್ಯೂನಿಂಗ್ ಆಯಿತು’. ಕೆಲವೇ ದಿನಗಳಲ್ಲಿ ಅದೇ ದೂರು ಮರಳಿ ಬರುತ್ತದೆ, ಈ ಸಲ ಜೊತೆಗೆ ಕಪ್ಪು ಹೊಗೆಯೂ ಇರುತ್ತದೆ. ಇಲ್ಲಿ ಹೇಳುತ್ತಿರುವ ಕ್ರಮ ಇದಕ್ಕೆ ತಲೆಕೆಳಗು. ಆ ಎರಡು ಸ್ಕ್ರೂಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಪ್ಲಗ್ಗಿನ ಬೆಂಕಿ (ಕಿಡಿ), ಪೆಟ್ರೋಲಿನ ದಾರಿ, ಕಳ್ಳಗಾಳಿ (ಸಂದಿನಿಂದ ನುಗ್ಗುವ ಬೇಡದ ಗಾಳಿ), ಫ್ಲೋಟಿನ ಮಟ್ಟ (ಕಾರ್ಬ್ಯುರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟ್ ಕಾಯುವ ಪೆಟ್ರೋಲಿನ ಮಟ್ಟ) ಈ ನಾಲ್ಕೂ ಸರಿಯಿವೆ ಎಂದು ಖಾತ್ರಿಯಾಗಬೇಕು.

ಬರೆಯುತ್ತಿರುವುದು ಮುಖ್ಯವಾಗಿ ಪ್ರೀಮಿಯರ್ ಪದ್ಮಿನಿಯನ್ನು ಕಣ್ಣಮುಂದಿಟ್ಟುಕೊಂಡು. 1089 ಸಿಸಿಯ ಈ ಗಾಡಿ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಒಂದೇ ಬಾಯಿಯ ಸೋಲೆಕ್ಸ್ ಇರುವ ಹಳೆಯ ಜೀಪುಗಳಿಗೂ ಇಲ್ಲಿನ ಬಹುಪಾಲು ಮಾತು ಒಪ್ಪುತ್ತದೆ. ಎಸ್‌ಯು ಕಾರ್ಬ್ಯುರೇಟರ್ ಇರುವ ಹಳೆಯ ಅಂಬಾಸಿಡರ್‌ನವರು ಟ್ಯೂನಿಂಗ್ ಭಾಗವನ್ನು ಬಿಟ್ಟುಬಿಡಿ. ಅದರ ನಡೆಯೇ ಬೇರೆ.

ಮೊದಲು ತಿಳಿಯಬೇಕಾದದ್ದು: ಬೆಂಕಿಯೋ, ಪೆಟ್ರೋಲೋ

ಎಂಜಿನ್ ಹೇಗೆ ನಿಂತಿತು ಎಂಬುದನ್ನು ಗಮನಿಸಿ. ಕೀಲಿ ತಿರುಗಿಸಿ ಬಂದ್ ಮಾಡಿದಂತೆ ಒಮ್ಮೆಗೇ ನಿಂತರೆ ಅನುಮಾನ ಬೆಂಕಿಯ ಮೇಲೆ: ಕಿಡಿ ಹುಟ್ಟಿಸುವ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಇಲ್ಲವೇ ಸಡಿಲ ತಂತಿ. ಎಳೆತ ಕುಗ್ಗುತ್ತ, ಜಗ್ಗುತ್ತ, ತೊದಲುತ್ತ ನಿಂತರೆ ಅನುಮಾನ ಪೆಟ್ರೋಲಿನ ಮೇಲೆ. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಯಾವ ಕಡೆಯಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಹೇಳುತ್ತದೆ.

ಕಂಡೆನ್ಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಳಗೆ ಕೆಟ್ಟ ಕಂಡೆನ್ಸರ್ ತಣ್ಣಗಿರುವಾಗ ಕೆಲಸ ಮಾಡಿ, ಬಿಸಿಯಾದಾಗ ಕೈಕೊಟ್ಟು, ಮತ್ತೆ ತಣಿದಾಗ ಸುಮ್ಮನೆ ಸರಿಯಾಗುತ್ತದೆ. ಹೊರಗಿನಿಂದ ನೋಡಿದರೆ ಪೆಟ್ರೋಲ್ ಕುದಿದು ನಿಂತ ಗಾಡಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಬೇಸಿಗೆಯಲ್ಲಿ 42–43 ಡಿಗ್ರಿ ತಲುಪುವ ನಮ್ಮ ಊರಿನಲ್ಲಿ ಎರಡೂ ಧಾರಾಳವಾಗಿ ಸಿಗುತ್ತವೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ನಿಮಿಷದೊಳಗೆ ಮುಗಿಯುತ್ತದೆ. ಗಾಡಿ ನಿಂತ ಕೂಡಲೇ, ಇಗ್ನಿಷನ್ ಬಂದ್ ಇರುವಾಗ, ಏರ್ ಕ್ಲೀನರ್ ತೆಗೆದು ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡಿ. ಆಕ್ಸಿಲರೇಟರಿಗೆ ಜೋಡಿಸಿದ ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಪಿಕಪ್ ಪಂಪಿನ ಸಣ್ಣ ಕೊಳವೆಯಿಂದ ತೆಳುವಾದ, ಗಟ್ಟಿಯಾದ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ, ಹೋಗಿ ಬೆಂಕಿಯನ್ನು ಹುಡುಕಿ. ಏನೂ ಬರದಿದ್ದರೆ, ಅಥವಾ ಪುಸ್ ಎಂದು ಆವಿ ಮಾತ್ರ ಬಂದರೆ, ಪೆಟ್ರೋಲಿನ ಕಡೆ ಹೋಗಿ. ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಬಗ್ಗಿ ನೋಡುವವರನ್ನು ದಯವಿಟ್ಟು ಮೊದಲು ದೂರ ಕಳಿಸಿ.

ಬೆಂಕಿಯ ಕಡೆ ನೋಡಬೇಕಾದದ್ದನ್ನು ಚುಟುಕಾಗಿ ಹೇಳುತ್ತೇನೆ. ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ., ಪ್ಲಗ್ಗಿನದು ಸುಮಾರು 0.6 ಮಿ.ಮೀ.; ನಿಮ್ಮ ಡಿಸ್ಟ್ರಿಬ್ಯೂಟರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಪಾಯಿಂಟ್ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರನ್ನೂ ಬದಲಿಸಿ. ವಾಲ್ವ್ ಅಂತರವನ್ನೂ ಒಮ್ಮೆ ನೋಡಿ. ಅದು ತೀರ ಬಿಗಿಯಾಗಿರುವ ಎಂಜಿನ್ ಬಿಸಿಯಾದಾಗ ಸ್ಲೋ (ಆಕ್ಸಿಲರೇಟರ್ ಒತ್ತದಿರುವಾಗಿನ ನಿಧಾನ ಓಟ) ಹಿಡಿಯುವುದಿಲ್ಲ, ಅದಕ್ಕೆ ಕಾರ್ಬ್ಯುರೇಟರಿನಲ್ಲಿ ಮದ್ದೂ ಇಲ್ಲ.

ಟ್ಯಾಂಕಿನಿಂದ ಬಟ್ಟಲಿನವರೆಗೆ

ಹೊರಟು ಅರ್ಧ ಗಂಟೆಯ ಮೇಲೆ ಎಳೆತ ಕಡಿಮೆಯಾಗುವ ಗಾಡಿಯಲ್ಲಿ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ದೋಷ ಸಿಕ್ಕಿತು. ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದೆ, ಅಥವಾ ಯಾರೋ ರಂಧ್ರವಿಲ್ಲದ ಬೇರೆ ಗಾಡಿಯ ಮುಚ್ಚಳ ಹಾಕಿದ್ದಾರೆ. ಪಂಪಿಗೆ ನಿರ್ವಾತದ ವಿರುದ್ಧ ಎಳೆಯಲಾಗುವುದಿಲ್ಲ.

ಮುಂದೆ ಎಸಿ ಪಂಪ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬ್ಯುರೇಟರಿಗೆ ಕಳಿಸುವ ಪಂಪ್. ಕಾಯಿಲಿನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಬಿಡಿಸಿ ಬಾಡಿಗೆ ಅರ್ತ್ ಮಾಡಿ. ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಡಿಸಿ ಗಾಜಿನ ಬಾಟಲಿಯೊಳಗೆ ಇಳಿಬಿಡಿ. ಒಬ್ಬರು ಸೆಲ್ಫ್ ಹೊಡೆಯಲಿ. ಪಂಪಿನ ಪ್ರತಿ ತಳ್ಳಿಕೆಗೂ ಗಟ್ಟಿಯಾದ ಚಿಮ್ಮು ಬರಬೇಕು. ಪೆಟ್ರೋಲಿನ ಜೊತೆ ಗುಳ್ಳೆ ಬರುತ್ತಿದ್ದರೆ ಪಂಪಿಗೂ ಟ್ಯಾಂಕಿಗೂ ನಡುವಿನ ರಬ್ಬರ್ ಪೈಪು ಎಲ್ಲೋ ಬಿರಿದಿದೆ. ಎಳೆಯುವ ಬದಿಯ ಬಿರುಕಿನಿಂದ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದ ಕಾರಣ ಇದನ್ನು ಯಾರೂ ಅನುಮಾನಿಸುವುದಿಲ್ಲ. ಹಳೆಯ ಕಾಲದ ರಬ್ಬರು ಇಂದಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ತಾಳುವುದಿಲ್ಲ. ಆದ್ದರಿಂದ ಪೈಪುಗಳನ್ನು ಪರೀಕ್ಷಿಸುತ್ತ ಕೂರುವ ಬದಲು, ಎಥೆನಾಲ್ ತಾಳುವ ಪೈಪಿನಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುವುದು ಜಾಣತನ.

ಬೇಸಿಗೆಯಲ್ಲಿ ಪಂಪಿನೊಳಗೆ ಅಥವಾ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿಕೊಳ್ಳುವುದೂ ನಿಜ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಯ ಹೊತ್ತಿಗೇ ಆವಿಯಾಗತೊಡಗುತ್ತವೆ, ಎಥೆನಾಲ್ ಸೇರಿದಾಗ ಆ ಸ್ವಭಾವ ಇನ್ನೂ ಹೆಚ್ಚುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಪದ್ಧತಿ ಇದೆಯಲ್ಲ, ಅದನ್ನು ನಾನು ಚಿಕಿತ್ಸೆಯಾಗಿ ಅಲ್ಲ, ಪರೀಕ್ಷೆಯಾಗಿ ಬಳಸುತ್ತೇನೆ. ಬಟ್ಟೆ ಹಾಕಿ ಎರಡು ನಿಮಿಷಕ್ಕೆ ಗಾಡಿ ಹಿಡಿದರೆ ಬಿಸಿಯೇ ಕಾರಣವೆಂದು ಗೊತ್ತಾಗುತ್ತದೆ. ಆಮೇಲೆ ಮಾಡಬೇಕಾದದ್ದು ಪೈಪನ್ನು ಸೈಲೆನ್ಸರ್ ಕೊಳವೆಯಿಂದ ದೂರ ಒಯ್ಯುವುದು, ತಗಡಿನ ಮರೆ ಕಟ್ಟುವುದು. ಒದ್ದೆ ಬಟ್ಟೆಯನ್ನೇ ಕಾಯಂ ಮಾಡಿಕೊಂಡು ಓಡಾಡುವುದಲ್ಲ.

ಬಿಸಿ ಗಾಡಿಯನ್ನು ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಹೊಡೆದರೆ ಹಿಡಿಯುವುದಿಲ್ಲ, ಪೆಟ್ರೋಲಿನ ವಾಸನೆ ಗಪ್ಪೆಂದು ಬರುತ್ತದೆ ಎಂಬುದು ಬೇರೆಯೇ ದೂರು. ಇಲ್ಲಿ ಪೆಟ್ರೋಲ್ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಬಟ್ಟಲಿನ ಪೆಟ್ರೋಲ್ ಕುದಿದು ಬಾಯಿಯೊಳಗೆ ಉಕ್ಕಿದೆ. ಆಕ್ಸಿಲರೇಟರನ್ನು ಪಂಪ್ ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಈ ದೂರು ಪ್ರತಿದಿನದ್ದಾದರೆ ಕಾರ್ಬ್ಯುರೇಟರಿನ ತಳದಲ್ಲಿ ಬಿಸಿ ತಡೆಯುವ ದಪ್ಪ ಬೇಕಲೈಟ್ ತುಂಡು ಇದೆಯೇ ನೋಡಿ. ಹಿಂದೆ ಬಿಚ್ಚಿದವರು ಅದನ್ನು ಬಿಟ್ಟು ಬರೀ ಕಾಗದದ ಪ್ಯಾಕಿಂಗ್ ಹಾಕಿ ಕೂರಿಸಿರುವುದು ಅಪರೂಪವೇನಲ್ಲ.

ಚೋಕ್ ಎಳೆದು ಕೇಳುವುದು

ಬೆಂಕಿ ಸರಿಯಿದೆ, ಪೆಟ್ರೋಲ್ ಬರುತ್ತಿದೆ, ಆದರೂ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಈಗ ಮಿಶ್ರಣ ತೆಳುವೋ (ಪೆಟ್ರೋಲ್ ಕಡಿಮೆ), ದಪ್ಪವೋ (ಪೆಟ್ರೋಲ್ ಹೆಚ್ಚು) ಗೊತ್ತಾಗಬೇಕು. ಎಂಜಿನ್ ಬಿಸಿಯಿದ್ದು, ತೊಂದರೆ ಕೊಡುತ್ತಿರುವಾಗಲೇ ಚೋಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಎಂಜಿನ್ ಸುಧಾರಿಸಿಕೊಂಡರೆ ಮಿಶ್ರಣ ತೆಳುವಾಗಿದೆ: ಕಳ್ಳಗಾಳಿ ನುಗ್ಗುತ್ತಿರಬೇಕು, ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ರಂಧ್ರ ಮುಚ್ಚಿರಬೇಕು, ಇಲ್ಲವೇ ಬಟ್ಟಲಿನ ಮಟ್ಟ ತಗ್ಗಿರಬೇಕು. ಇನ್ನೂ ಕೆಟ್ಟು ಹೊಗೆಯಾಡಿದರೆ ಮಿಶ್ರಣ ಮೊದಲೇ ದಪ್ಪವಾಗಿದೆ: ಬಟ್ಟಲಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸೋರುತ್ತಿದೆ, ಫ್ಲೋಟ್ ಮುಳುಗುತ್ತಿದೆ, ಯಾರೋ ಜೆಟ್ ಕೆರೆದಿದ್ದಾರೆ, ಅಥವಾ ಚೋಕೇ ಪೂರ್ತಿ ಮುಚ್ಚುತ್ತಿಲ್ಲ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಬಗೆಯ ಸೋಲೆಕ್ಸಿನಲ್ಲಿ ಚೋಕ್ ಎಂದರೆ ಬಾಯಿಗೆ ಅಡ್ಡ ಬರುವ ತಟ್ಟೆಯಲ್ಲ. ಪಕ್ಕದಲ್ಲಿ ತಿರುಗುವ ಒಂದು ಡಿಸ್ಕ್ ಇದೆ. ಲಿವರ್ ಎಳೆದಾಗ ಡಿಸ್ಕಿನ ರಂಧ್ರಗಳು ಎದುರಾಗಿ, ಬೇರೆಯೇ ಜೆಟ್ಟಿನಿಂದ ದಪ್ಪ ಮಿಶ್ರಣ ನೇರವಾಗಿ ಥ್ರಾಟಲ್ಲಿನ ಕೆಳಗೆ ಇಳಿಯುತ್ತದೆ. ಬಾಯಿಯೊಳಗೆ ಇಣುಕಿ ‘ಚೋಕ್ ತೆರೆದೇ ಇದೆ’ ಎಂದು ಹೇಳಲು ಬರುವುದಿಲ್ಲ. ಕೇಬಲ್ ಬಿಗಿಯಾಗಿ ಲಿವರ್ ಒಂದು ಕೂದಲಿನಷ್ಟು ಹಿಂದೆ ನಿಂತಿದ್ದರೂ, ಡಿಸ್ಕಿನ ಮೇಲ್ಮೈ ಗೀಚಿ ಹೋಗಿದ್ದರೂ ಎಂಜಿನ್ ಇಡೀ ದಿನ ಅರ್ಧ ಚೋಕಿನಲ್ಲೇ ಓಡುತ್ತಿರುತ್ತದೆ. ಏವರೇಜ್ ಬಿದ್ದುಹೋಗಿದೆ ಎಂದು ಮೇನ್ ಜೆಟ್ ಬದಲಿಸುವ ಮೊದಲು ಆ ಲಿವರನ್ನು ಬೆರಳಿನಿಂದ ಒತ್ತಿ ನೋಡಿ.

ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಏನೂ ಆಗದಿದ್ದರೆ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಸ್ಲೋನಲ್ಲಿ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿರುತ್ತದೆ. ಅದರ ಕೆಳಗೆ ಎಂಜಿನ್ ಎಳೆಯುವ ನಿರ್ವಾತ ಜೋರಾಗಿರುತ್ತದೆ. ಸ್ಲೋ ಜೆಟ್ಟಿನಿಂದ ಬಂದ ಮಿಶ್ರಣ ತಟ್ಟೆಯ ಕೆಳಗಿನ ಒಂದು ರಂಧ್ರದಿಂದ ಹೊರಬರುತ್ತದೆ, ಆ ರಂಧ್ರದ ಅಗಲವನ್ನು ನಿಯಂತ್ರಿಸುವುದೇ ಮಿಕ್ಸ್ಚರ್ ಸ್ಕ್ರೂ. ತಟ್ಟೆಯ ಅಂಚಿಗೆ ಸ್ವಲ್ಪ ಮೇಲೆ ಇನ್ನೂ ಒಂದೆರಡು ಸೂಕ್ಷ್ಮ ರಂಧ್ರಗಳಿವೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ತಟ್ಟೆಯ ಅಂಚು ಅವುಗಳನ್ನು ದಾಟುತ್ತದೆ, ಆಗ ಅವುಗಳಿಂದಲೂ ಪೆಟ್ರೋಲ್ ಬಂದು ಗಾಡಿ ತಡವರಿಸದೆ ವೇಗ ಹಿಡಿಯುತ್ತದೆ. ಆ ರಂಧ್ರಗಳಿಗೂ ಮಿಕ್ಸ್ಚರ್ ಸ್ಕ್ರೂಗೂ ಸಂಬಂಧವಿಲ್ಲ.

ಈಗ ತಟ್ಟೆ ತಿರುಗುವ ಅಚ್ಚು, ಅಂದರೆ ಥ್ರಾಟಲ್ ಸ್ಪಿಂಡಲ್, ಸವೆದಿದೆ ಎಂದುಕೊಳ್ಳಿ. ಪಕ್ಕದಿಂದ ಕಳ್ಳಗಾಳಿ ಬರುತ್ತದೆ, ಮಿಶ್ರಣ ತೆಳುವಾಗಿ ಸ್ಲೋ ಬಿದ್ದುಹೋಗುತ್ತದೆ. ಮೆಕ್ಯಾನಿಕ್ ಸ್ಲೋ ಸ್ಕ್ರೂ ಬಿಗಿಮಾಡಿ ತಟ್ಟೆಯನ್ನು ಇನ್ನಷ್ಟು ತೆರೆಯುತ್ತಾನೆ. ಮೇಲಿನ ರಂಧ್ರಗಳು ನಿರ್ವಾತಕ್ಕೆ ಒಡ್ಡಿಕೊಂಡು ಪೆಟ್ರೋಲ್ ಸುರಿಸತೊಡಗುತ್ತವೆ. ಎಂಜಿನ್ ಬಂದ್ ಆಗದೆ ಓಡುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಆದರೆ ಆ ಕ್ಷಣದಿಂದ ಮಿಕ್ಸ್ಚರ್ ಸ್ಕ್ರೂ ನಿಷ್ಪ್ರಯೋಜಕ. ಅದನ್ನು ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಊಟ ಬೇರೆ ಬಾಗಿಲಿನಿಂದ ಬರುತ್ತಿದೆ.

ಶಹಾಬಾದ ಕಡೆಯ ನಿವೃತ್ತ ಮಾಸ್ತರರೊಬ್ಬರ ಪದ್ಮಿನಿ ಬಂದದ್ದು ಇದೇ ಸ್ಥಿತಿಯಲ್ಲಿ. ‘ಮುಂಜಾನೆ ಏನೂ ತಕರಾರಿಲ್ಲ. ಬಿಸಿಲೇರಿದ ಮೇಲೆ ರೈಲ್ವೆ ಗೇಟಿನಲ್ಲಿ ನಿಂತೆನೆಂದರೆ ಮುಗಿಯಿತು’ ಎಂದರು. ಹೊಸ ಕಂಡೆನ್ಸರ್, ಹೊಸ ಪ್ಲಗ್, ಮಾರುಕಟ್ಟೆಯ ಒಂದು ರಿಪೇರಿ ಕಿಟ್ ಎಲ್ಲವೂ ಆಗಲೇ ಬಿದ್ದಿದ್ದವು. ‘ಮಾಸ್ತರರೇ, ಚೋಕ್ ಸ್ವಲ್ಪ ಎಳೆಯಿರಿ’ ಎಂದೆ. ಎಂಜಿನ್ ನೆಟ್ಟಗಾಯಿತು, ಅಂದರೆ ಮಿಶ್ರಣ ತೆಳು. ಮಿಕ್ಸ್ಚರ್ ಸ್ಕ್ರೂ ಮುಚ್ಚಿದರೆ ಸದ್ದಿನಲ್ಲಿ ಬದಲಾವಣೆಯಿಲ್ಲ. ಸ್ಲೋ ಸ್ಕ್ರೂ ನೋಡಿದರೆ ಅದು ಲಿವರನ್ನು ತಳ್ಳಿಕೊಂಡು ಬಹುದೂರ ಒಳಗೆ ಹೋಗಿತ್ತು. ಎಣ್ಣೆ ಡಬ್ಬಿಯಿಂದ ಸ್ಪಿಂಡಲಿನ ಎರಡೂ ತುದಿಗೆ ನಾಲ್ಕು ಹನಿ ಎಂಜಿನ್ ಎಣ್ಣೆ ಬಿಟ್ಟೆ. ಎಡ ತುದಿಯಲ್ಲಿ ಎಣ್ಣೆ ಕ್ಷಣದಲ್ಲಿ ಒಳಗೆ ಮಾಯವಾಯಿತು, ಎಂಜಿನ್ನಿನ ಕುಂಟು ನಿಂತು ಸ್ಲೋ ಏರಿತು. ಎಣ್ಣೆ ಒಳಸರಿದು ಮುಗಿದ ಕೂಡಲೇ ಕುಂಟು ಮರಳಿತು. ಇಷ್ಟು ಸ್ಪಷ್ಟವಾದ ಸಾಕ್ಷಿ ಎಲ್ಲ ಗಾಡಿಗಳಲ್ಲೂ ಸಿಗುವುದಿಲ್ಲ, ಆದರೆ ಈ ಎಣ್ಣೆ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಕಾರ್ಬ್ಯುರೇಟರಿನ ತಳದ ಪ್ಯಾಕಿಂಗ್ ಸುತ್ತ, ಡಿಸ್ಟ್ರಿಬ್ಯೂಟರಿಗೆ ಹೋಗುವ ಅಡ್ವಾನ್ಸ್ ಪೈಪಿನ ಬುಡದಲ್ಲಿ, ಮ್ಯಾನಿಫೋಲ್ಡ್ ಬೇರೆಯಾಗಿರುವ ಗಾಡಿಗಳಲ್ಲಿ ಅದರ ಸಂದಿನಲ್ಲೂ ಇದನ್ನೇ ಮಾಡಿ. ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷಿಸುವವರಿದ್ದಾರೆ. ಕೆಂಪಗೆ ಕಾದ ಕೊಳವೆಯ ಪಕ್ಕದಲ್ಲಿ ಹೊತ್ತಿಕೊಳ್ಳುವ ದ್ರವ ಸಿಂಪಡಿಸುವ ಧೈರ್ಯ ನನಗಿಲ್ಲ, ನಿಮಗೂ ಬೇಡ.

ನಮ್ಮ ಕಡೆ ಸ್ಪಿಂಡಲ್ ಬೇಗ ಸವೆಯಲು ಕಾರಣವಿದೆ. ಸಂದು ಒಮ್ಮೆ ಬಿಟ್ಟಿತೆಂದರೆ ಅಲ್ಲಿಂದ ಬರುವ ಗಾಳಿ ಏರ್ ಕ್ಲೀನರನ್ನು ದಾಟಿ ಬಂದದ್ದಲ್ಲ, ಸೋಸದ ಗಾಳಿ. ಶಹಾಬಾದ ಕಲ್ಲು ಕೊಯ್ಯುವ ಕಡೆ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಸುತ್ತ ಆ ಗಾಳಿಯಲ್ಲಿ ಸಣ್ಣ ಕಲ್ಲುಪುಡಿ ಇರುತ್ತದೆ. ಎಣ್ಣೆಯ ಜೊತೆ ಸೇರಿ ಅದು ಉಜ್ಜುವ ಪೇಸ್ಟಿನ ಕೆಲಸ ಮಾಡುತ್ತದೆ.

ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡದಿರಲು ಇನ್ನೆರಡು ಕಾರಣಗಳೂ ಇವೆ: ಸ್ಲೋ ಜೆಟ್ ಮುಚ್ಚಿರುವುದು, ಮತ್ತು ಬಟ್ಟಲಿನ ಮಟ್ಟ ಏರಿ ಮೇನ್ ಕೊಳವೆಯಿಂದಲೇ ಪೆಟ್ರೋಲ್ ತೊಟ್ಟಿಕ್ಕುವುದು. ಎರಡನೆಯದನ್ನು ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಬಿಚ್ಚುವುದು

ಹೊರಗಿನ ಜಿಡ್ಡು, ಮಣ್ಣನ್ನು ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ತೊಳೆದ ನಂತರವೇ ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಟ್ಟಲಿನ ಪೆಟ್ರೋಲನ್ನು ಚೆಲ್ಲಬೇಡಿ, ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ಗಾಡಿಯ ಅರ್ಧ ಇತಿಹಾಸ ಅದರಲ್ಲಿರುತ್ತದೆ. ಕೆಂಪು ಪುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ಕಪ್ಪು ಚೂರು ಕಂಡರೆ ರಬ್ಬರ್ ಪೈಪು ಒಳಗಿನಿಂದ ಕರಗುತ್ತಿದೆ. ತಳದಲ್ಲಿ ಬೇರೆಯೇ ಪದರ ನಿಂತಿದ್ದರೆ ನೀರು ಸೇರಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗಿಳಿಯುತ್ತವೆ. ಲೋಹದ ಮೇಲೆ ಬಿಳಿ ಹಿಟ್ಟಿನಂಥ ಕಲೆ ಮೂಡುವುದೂ ಇದರಿಂದಲೇ. ಇವುಗಳಲ್ಲಿ ಯಾವುದೇ ಕಂಡರೂ ಮೂಲವಾದ ಟ್ಯಾಂಕನ್ನೋ ಪೈಪನ್ನೋ ಸರಿಮಾಡದೆ ಕಾರ್ಬ್ಯುರೇಟರ್ ಮಾತ್ರ ತೊಳೆಯುವುದು ವ್ಯರ್ಥ.

ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ಪೆಟ್ರೋಲಿದ್ದರೆ ಸದ್ದು ಕೇಳುತ್ತದೆ. ಹಿತ್ತಾಳೆ ಫ್ಲೋಟಾದರೆ ಬಿಸಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ತೂತು ಇರುವಲ್ಲಿ ಗುಳ್ಳೆ ಏಳುತ್ತದೆ. ಬೆಸುಗೆ ಹಾಕಿ ಸರಿಮಾಡಬಹುದು, ಆದರೆ ಒಳಗಿನ ಪೆಟ್ರೋಲ್ ಪೂರ್ತಿ ಹೊರಬರದೆ ಬೆಸುಗೆಯ ಕಾದ ಕಬ್ಬಿಣ ತಾಗಿಸಬೇಡಿ. ಬೆಸುಗೆಯ ತೂಕದಿಂದಲೂ ಮಟ್ಟ ಏರುತ್ತದೆ. ಹೊಸದು ಸಿಕ್ಕರೆ ಹೊಸದನ್ನೇ ಹಾಕಿ.

ನೀಡಲ್ ವಾಲ್ವಿನ ತುದಿಯನ್ನು ಉಗುರಿನಿಂದ ಸವರಿ. ಸುತ್ತಲೂ ಬಳೆಯಂಥ ಗೆರೆ ಉಗುರಿಗೆ ಸಿಕ್ಕರೆ ಅದು ಮುಗಿದ ವಾಲ್ವ್. ಮಟ್ಟವನ್ನು ನಿರ್ಧರಿಸುವುದು ಈ ವಾಲ್ವಿನ ಕೆಳಗಿರುವ ವಾಷರ್. ವಾಲ್ವ್ ಮೇಲಿನ ಮುಚ್ಚಳದಲ್ಲಿ ಕೂತಿರುವುದರಿಂದ ದಪ್ಪ ವಾಷರ್ ಹಾಕಿದರೆ ವಾಲ್ವ್ ಕೆಳಗಿಳಿದು, ಫ್ಲೋಟ್ ಬೇಗ ಮುಚ್ಚಿ, ಮಟ್ಟ ತಗ್ಗುತ್ತದೆ. ತೆಳುವಾದದ್ದು ಹಾಕಿದರೆ ಮಟ್ಟ ಏರುತ್ತದೆ. ಕಿಟ್ಟಿನಲ್ಲಿ ಬರುವ ವಾಷರ್ ಹಳೆಯದರಷ್ಟೇ ದಪ್ಪವಿದೆಯೇ ಎಂದು ಅಳೆಯದೆ ಹಾಕುವುದರಿಂದಲೇ ‘ಕಿಟ್ ಹಾಕಿಸಿದ ಮೇಲೆ ಓವರ್‌ಫ್ಲೋ ಶುರುವಾಯಿತು’ ಎಂಬ ದೂರು ಹುಟ್ಟುತ್ತದೆ.

ಕಿಟ್ಟಿನ ಪ್ಯಾಕಿಂಗುಗಳ ಬಗ್ಗೆಯೂ ಅಷ್ಟೇ. ಪ್ರತಿಯೊಂದನ್ನೂ ಮೈಮೇಲಿಟ್ಟು, ಕೆಳಗಿರುವ ಪ್ರತಿ ರಂಧ್ರಕ್ಕೂ ಎದುರಾಗಿ ಪ್ಯಾಕಿಂಗಿನಲ್ಲಿ ರಂಧ್ರವಿದೆಯೇ ಎಂದು ನೋಡಿ. ಮಾಸ್ತರರ ಗಾಡಿಯಲ್ಲಿ ಮೇಲಿನ ಮುಚ್ಚಳದ ಪ್ಯಾಕಿಂಗ್ ಒಂದು ಗಾಳಿರಂಧ್ರವನ್ನು ಅರ್ಧ ಮುಚ್ಚಿಕೊಂಡು ಕೂತಿತ್ತು. ಪಿಕಪ್ ಪಂಪಿನ ಪದರವನ್ನು (ಡಯಾಫ್ರಾಮ್) ಬೆಳಕಿಗೆ ಹಿಡಿದು ಸೂಜಿರಂಧ್ರ ಹುಡುಕಿ.

ಜೆಟ್ಟಿಗೆ ತಂತಿ ಹಾಕಬೇಡಿ

ಸೋಲೆಕ್ಸ್ ಜೆಟ್ಟಿನ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. 120 ಎಂದರೆ 1.20 ಮಿ.ಮೀ. ಹಿತ್ತಾಳೆ ಮೆತ್ತನೆಯ ಲೋಹ, ಉಕ್ಕಿನ ತಂತಿ ತೂರಿಸಿ ಎಳೆದಾಡಿದರೆ ರಂಧ್ರ ಅಗಲವಾಗದೆ ಇರದು. 1.20 ಇದ್ದದ್ದು 1.26 ಆದರೆ ಕಣ್ಣಿಗೆ ಕಾಣದು, ಆದರೆ ರಂಧ್ರದ ಕ್ಷೇತ್ರಫಲ ಶೇ 10ರಷ್ಟು ಹೆಚ್ಚುತ್ತದೆ. ಏವರೇಜ್ ಬೀಳಲು ಅಷ್ಟು ಸಾಕು. ಸಣ್ಣ ಡ್ರಿಲ್ ಬಿಟ್ಟುಗಳ ನುಣುಪಾದ ಹಿಡಿಯನ್ನು ಅಳತೆಗೋಲಾಗಿ ಬಳಸಿ: 1.2ರ ಬಿಟ್ ಹೋಗಬೇಕು, 1.25 ಹೋಗಬಾರದು. ಸಂಖ್ಯೆಗೂ ರಂಧ್ರಕ್ಕೂ ತಾಳೆಯಾಗದ ಹೊಸ ಜೆಟ್ಟುಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಹೊಸದನ್ನೂ ಅಳೆಯಿರಿ.

ಸ್ವಚ್ಛಗೊಳಿಸಲು ಕ್ಲೀನರಿನಲ್ಲಿ ನೆನೆಹಾಕಿ, ಕಂಪ್ರೆಸರ್ ಗಾಳಿ ಊದಿ. ಕನ್ನಡಕ ಹಾಕಿಕೊಳ್ಳಿ, ಒಂದು ರಂಧ್ರಕ್ಕೆ ಹೊಡೆದ ದ್ರವ ಇನ್ನೊಂದರಿಂದ ನೇರ ಕಣ್ಣಿಗೆ ಬರುತ್ತದೆ. ಹಾಗೆ ಬಂದರೆ ದಾರಿ ತೆರೆದಿದೆ ಎಂದರ್ಥ, ಬಾರದಿದ್ದರೆ ಮತ್ತೆ ನೆನೆಹಾಕಿ.

ತಳ ಮತ್ತು ಸ್ಪಿಂಡಲ್

ನಟ್ಟನ್ನು ಮೈಯೆಲ್ಲ ಶಕ್ತಿ ಹಾಕಿ ಬಿಗಿಮಾಡುವವರಿಂದ ಕಾರ್ಬ್ಯುರೇಟರಿನ ತಳ ಬಾಗಿರುತ್ತದೆ. ಗಾಜಿನ ಹಲಗೆಯ ಮೇಲೆ ಇಟ್ಟು, ಸಂದಿನಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ. ಬಾಗಿದ್ದರೆ ಅದೇ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ. ಮೇಲ್ಮೈ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ.

ಸ್ಪಿಂಡಲ್ ಕೆಲಸ ಲೇತಿನವರದು. ಮೈಯ ರಂಧ್ರವನ್ನು ಅಗಲಿಸಿ ಹಿತ್ತಾಳೆಯ ಅಥವಾ ಗನ್‌ಮೆಟಲ್ ಬುಶ್ ಕೂರಿಸಬೇಕು, ಎರಡೂ ಬುಶ್ಶುಗಳು ಒಂದೇ ನೇರದಲ್ಲಿರಬೇಕು. ಎರಡು ಕಡೆಯಿಂದ ಬೇರೆ ಬೇರೆಯಾಗಿ ಕೊರೆಯುವವರ ಹತ್ತಿರ ಕೊಡಬೇಡಿ. ತಟ್ಟೆ ಹಿಡಿದಿರುವ ಸಣ್ಣ ಸ್ಕ್ರೂಗಳ ತುದಿಯನ್ನು ತಯಾರಕರು ಚಪ್ಪಟೆ ಮಾಡಿರುತ್ತಾರೆ, ಅದನ್ನು ಅರದಿಂದ ಉಜ್ಜದೆ ತಿರುಗಿಸಿದರೆ ಸ್ಪಿಂಡಲಿನ ಸ್ಕ್ರೂ ಹಲ್ಲು ಹಾಳಾಗುತ್ತದೆ. ತಟ್ಟೆಯ ಅಂಚು ಓರೆಯಾಗಿ ಕತ್ತರಿಸಿದ್ದು. ತೆಗೆಯುವ ಮೊದಲೇ ಯಾವ ಮುಖ ಮೇಲೆ ಎಂದು ಗುರುತು ಹಾಕಿ. ಮತ್ತೆ ಕೂರಿಸುವಾಗ ಸ್ಕ್ರೂ ಸಡಿಲವಿಟ್ಟು, ತಟ್ಟೆಯನ್ನು ಪೂರ್ತಿ ಮುಚ್ಚಿ, ಅದು ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿಮಾಡಿ. ಬಲ್ಬಿಗೆ ಹಿಡಿದರೆ ಸುತ್ತಲೂ ಬೆಳಕು ಸಮನಾಗಿ, ಕೂದಲೆಳೆಯಷ್ಟೇ ಕಾಣಬೇಕು. ಹೊಸ ಸ್ಕ್ರೂ ಹಾಕಿ, ಲಾಕ್ ಮಾಡುವ ಅಂಟು ಹಚ್ಚಿ, ತುದಿಯನ್ನು ಮತ್ತೆ ಚಪ್ಪಟೆ ಮಾಡುವುದನ್ನು ಮರೆಯಬೇಡಿ. ಇಲ್ಲಿ ಸಡಿಲವಾದ ಸ್ಕ್ರೂ ಬೀಳುವುದು ಸೀದಾ ಎಂಜಿನ್ನಿನೊಳಗೆ.

ಕೂಡಿಸಿ ಹೊಂದಿಸುವುದು

ಈಗ ಆ ಎರಡು ಸ್ಕ್ರೂಗಳ ಸರದಿ. ಮಿಕ್ಸ್ಚರ್ ಸ್ಕ್ರೂವನ್ನು ಬೆರಳ ತುದಿಯ ಬಲದಿಂದ ಕೊನೆಯವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಅದನ್ನು ಒತ್ತಿ ಬಿಗಿದರೆ ಮೊನೆಯ ಮೇಲೆ ಗೆರೆ ಬಿದ್ದು ಮುಂದೆ ಸೂಕ್ಷ್ಮ ಹೊಂದಾಣಿಕೆ ಆಗುವುದಿಲ್ಲ. ಸ್ಲೋ ಸ್ಕ್ರೂ ಲಿವರಿಗೆ ತಾಗಿದ ಮೇಲೆ ಒಂದು ಸುತ್ತು ಒಳಗೆ. ಚೋಕ್ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ ಇರಲಿ.

ಎಂಜಿನ್ ಪೂರ್ತಿ ಬಿಸಿಯಾಗಬೇಕು. ನಿಂತಲ್ಲೇ ಬಿಸಿ ಮಾಡಿದರೆ ಸಾಲದು, ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ನಂತರ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ ತಿರುಗಿಸುತ್ತ ಹೋಗಿ, ಎಂಜಿನ್ ಕುಂಟಲು ಶುರುಮಾಡುವ ಜಾಗ ಗುರುತಿಸಿ. ಹೊರಗೆ ತಿರುಗಿಸುತ್ತ ಬಂದರೆ ವೇಗ ಏರಿ, ಮತ್ತೆ ಭಾರವಾಗಿ ಉರುಳಲು ಶುರುವಾಗುವ ಇನ್ನೊಂದು ಜಾಗ ಸಿಗುತ್ತದೆ. ಇವೆರಡರ ನಡುವೆ ವೇಗ ಅತಿ ಹೆಚ್ಚಿರುವಲ್ಲಿ ಬಿಡಿ. ವೇಗ ಜಾಸ್ತಿಯಾಗಿದ್ದರೆ ಸ್ಲೋ ಸ್ಕ್ರೂ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ, ಆದ್ದರಿಂದ ಎರಡು ಮೂರು ಸಲ ಹೀಗೆ ಮಾಡಬೇಕು. ನಿಮಿಷಕ್ಕೆ 750–800 ಸುತ್ತಿಗೆ ಬಂದರೆ ಚೆನ್ನ. ಅಲ್ಲಿಂದ ಕೂದಲೆಳೆಯಷ್ಟು ಹೊರಗೆ ಬಿಡುವುದು ನನ್ನ ರೂಢಿ, ಇಂದಿನ ಪೆಟ್ರೋಲಿಗೆ ಅದು ಒಗ್ಗುತ್ತದೆ.

ಥ್ರಾಟಲ್ಲನ್ನು ಒಮ್ಮೆಗೇ ಎಳೆದಾಗ ಎಂಜಿನ್ ‘ಭಕ್’ ಎಂದು ತಡವರಿಸಿದರೆ ಪಿಕಪ್ ಪಂಪ್ ನೋಡಿ, ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕಬೇಡಿ. ಅದರ ಅಧಿಕಾರ ಸ್ಲೋ ದಾಟಿದರೆ ಮುಗಿಯಿತು.

ಮೇನ್ ಜೆಟ್ಟಿನ ತೀರ್ಪು ರಸ್ತೆಯಲ್ಲಿ ಆಗಬೇಕು. ಜೇವರ್ಗಿ ಕಡೆ ಕಟ್ಟಿಸಂಗಾವಿ ಸೇತುವೆಗೆ ಹೋಗುವ ರಸ್ತೆಯಂಥ ನೇರ ಜಾಗದಲ್ಲಿ, ಹಿಂದೆ ಮುಂದೆ ವಾಹನವಿಲ್ಲದಾಗ, ಟಾಪ್ ಗೇರಿನಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಕ್ಲಚ್ ಒತ್ತಿ, ಅದೇ ಕ್ಷಣ ಇಗ್ನಿಷನ್ ಬಂದ್ ಮಾಡಿ, ಬದಿಗೆ ನಿಲ್ಲಿಸಿ. ಕೀಲಿಯನ್ನು ಮಾತ್ರ ಹೊರತೆಗೆಯಬೇಡಿ, ಸ್ಟೀರಿಂಗ್ ಲಾಕ್ ಇರುವ ಗಾಡಿಯಾದರೆ ಪ್ರಾಣಕ್ಕೇ ಸಂಚಕಾರ. ಪ್ಲಗ್ ಬಿಚ್ಚಿದಾಗ ತಿಳಿ ಕಂದು ಬಣ್ಣವಿದ್ದರೆ ಸರಿ. ಸುಣ್ಣದ ಬಿಳುಪು ತೆಳು ಮಿಶ್ರಣಕ್ಕೆ, ಒಣ ಕಪ್ಪು ಮಸಿ ದಪ್ಪ ಮಿಶ್ರಣಕ್ಕೆ ಗುರುತು. ಎಣ್ಣೆಯ ಒದ್ದೆ ಕಪ್ಪಾದರೆ ಅದು ರಿಂಗ್ ಅಥವಾ ವಾಲ್ವ್ ಗೈಡಿನ ಕಥೆ.

ದೇಶದ ಪಂಪುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ 1 ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕು, ಎಥೆನಾಲಿಗೆ 9 ಭಾಗ ಸಾಕು. ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಈ ಪೆಟ್ರೋಲ್ ಹರಿದಾಗ ಮಿಶ್ರಣ ಸುಮಾರು ಶೇ 7–8ರಷ್ಟು ತೆಳುವಾಗುತ್ತದೆ. 120ರ ಜಾಗದಲ್ಲಿ 125 ಹಾಕಿದರೆ ರಂಧ್ರದ ಕ್ಷೇತ್ರಫಲ ಶೇ 8.5ರಷ್ಟು ಹೆಚ್ಚಿ ಲೆಕ್ಕ ಸರಿಹೋಗುತ್ತದೆ. ಆದರೆ ಎಲ್ಲ ಕಳ್ಳಗಾಳಿಯನ್ನೂ ಮುಚ್ಚಿ, ಪ್ಲಗ್ ಓದಿ, ಆಗಲೂ ಬಿಳುಪು ಕಂಡರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಿ. ಮಾಸ್ತರರ ಗಾಡಿಗೆ ಬುಶ್ ಕೂರಿಸಿದ ನಂತರ ಜೆಟ್ ಬದಲಿಸುವ ಪ್ರಮೇಯವೇ ಬರಲಿಲ್ಲ.

ಮೊದಲ ಒಂದೆರಡು ದಿನದ ಓಡಾಟದ ನಂತರ ತಣ್ಣಗಿರುವಾಗ ತಳದ ನಟ್ಟುಗಳನ್ನು ಮತ್ತೊಮ್ಮೆ ಸಮನಾಗಿ ಬಿಗಿಮಾಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕುಗ್ಗಿರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬಟ್ಟಲು ಖಾಲಿ ಮಾಡಿ ಇಡಿ.

ಬೀದರ ಕಡೆ ಓಡಾಡುವವರು ಎತ್ತರಕ್ಕೆ ಬೇರೆ ಜೆಟ್ ಬೇಕೇ ಎಂದು ಕೇಳುತ್ತಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಬೀದರ ಸುಮಾರು 700 ಮೀಟರ್ ಎತ್ತರದಲ್ಲಿವೆ. ಅಷ್ಟು ವ್ಯತ್ಯಾಸಕ್ಕೆ ಗಾಳಿ ತೆಳುವಾಗುವುದು ಶೇ 2–3ರಷ್ಟು ಮಾತ್ರ, ಮುಂಜಾನೆಗೂ ಮಧ್ಯಾಹ್ನಕ್ಕೂ ನಡುವಿನ ಬಿಸಿಲಿನ ವ್ಯತ್ಯಾಸವೇ ಅದಕ್ಕಿಂತ ಹೆಚ್ಚು. ಹುಮನಾಬಾದ್ ದಾಟಿ ಏರುವಾಗ ಗಾಡಿ ಉಸಿರು ಕಟ್ಟಿದರೆ ಎತ್ತರವನ್ನು ದೂರಬೇಡಿ, ಬದಿಗೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆದು ನೋಡಿ.